ಚೆಂಡುಹೂವಿನ ಹೊಲದಲ್ಲಿ ಮೊದಲನೆಯ ಶೀಲ

*ಇಂದಿನ ಧಮ್ಮ ಚಿಂತನೆ – ಭಾನುವಾರ*



ಧಮ್ಮ ಬಂಧುಗಳೇ, ಇವತ್ತಿನದು ದಿನದ ಚಿಂತನೆಗಿಂತ ಉದ್ದವಾಗಿದೆ. ಬಿಡುವಾದಾಗ ಕೂತು ಓದಿ. ಇದರಲ್ಲಿ ಸುತ್ತದ ಮಾತಿಗಿಂತ ನನ್ನ ಹೊಲದ ಮಾತೇ ಹೆಚ್ಚು.

ಅರಕೆರೆಯ ನಮ್ಮ ವಾರದ ಓದಿನಲ್ಲಿ ಈಚೆಗೆ ಒಂದು ದಿನ ತ್ರಿಸರಣ, ಪಂಚಶೀಲ ಹೇಳಿ ಮುಗಿಸಿದ ಮೇಲೆ ಪಿಯುಸಿ ಓದುವ ಹುಡುಗ ಒಬ್ಬ ಎದ್ದು ನಿಂತು ಕೇಳಿದ. "ಅಣ್ಣ, ಜೀವ ತೆಗೆಯಲ್ಲ ಅಂತ ಈಗ ತಾನೆ ಎಲ್ಲರೂ ಹೇಳಿದ್ವಿ. ಸಾಯಂಕಾಲ ಹೊಲಕ್ಕೆ ಹೋಗಿ ಹುಳುಗೆ ಔಷಧಿ ಹೊಡಿತೀವಿ. ಹಂಗಾದ್ರೆ ಇಲ್ಲಿ ಹೇಳಿದ್ದು ಸುಳ್ಳಾಗಲ್ವಾ?" ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಕಾರಣ ಇತ್ತು. ಬಳಗದಲ್ಲಿ ಚೆಂಡುಹೂ ಬೆಳೆಯುವವನು ನಾನೊಬ್ಬನೇ. ಬುದ್ಧರ ಮೂರ್ತಿಯ ಮುಂದೆ ಅವತ್ತು ಇದ್ದ ಹೂವೂ ನನ್ನ ಹೊಲದ್ದೇ.

ನನ್ನದು ಇಪ್ಪತ್ತು ಗುಂಟೆ. ನಾಲೆಯ ಕೆಳಗಿನ ಜಮೀನು. ಸುತ್ತ ಎಲ್ಲರದೂ ಭತ್ತ, ಕಬ್ಬು. ಇಪ್ಪತ್ತು ಗುಂಟೆ ಕಬ್ಬು ಹಾಕಿ ವರ್ಷಗಟ್ಟಲೆ ಕಾಯಲು ನನ್ನಂಥವನಿಗೆ ಆಗುವುದಿಲ್ಲ. ಚೆಂಡುಹೂ ಹಾಗಲ್ಲ. ಮಡಿಯಲ್ಲಿ ಬೀಜ ಹಾಕಿ ಮೂರು ನಾಲ್ಕು ವಾರಕ್ಕೆ ಸಸಿ ಕಿತ್ತು ನಾಟಿ ಮಾಡಿದರೆ, ತಿಂಗಳು ಕಳೆದ ಮೇಲೆ ನೆತ್ತಿಯ ಕುಡಿ ಚಿವುಟಿದರೆ, ಪಕ್ಕದ ರೆಂಬೆಗಳು ಒಡೆದು ನಾಟಿಯಾದ ಎರಡು ತಿಂಗಳಿಗೆಲ್ಲ ಹೂ ಕೈಗೆ ಬರುತ್ತದೆ. ಆಮೇಲೆ ತಿಂಗಳು, ಒಂದೂವರೆ ತಿಂಗಳು ಕುಯ್ಯುತ್ತಲೇ ಇರಬಹುದು. ಶ್ರಾವಣದಲ್ಲಿ ನಾಟಿ ಹಾಕಿದರೆ ಆಯುಧಪೂಜೆಗೆ ಹೂ. ಮೈಸೂರಿನ ದೇವರಾಜ ಮಾರುಕಟ್ಟೆ ನಮಗೆ ದೂರವೂ ಅಲ್ಲ.

ಈ ಹೂವಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ದೇವಸ್ಥಾನದ ತೋರಣದಿಂದ ಹಿಡಿದು ಲಾರಿಯ ಮೂತಿಯವರೆಗೆ ಇವತ್ತು ಚೆಂಡುಹೂ ಇಲ್ಲದೆ ಹಬ್ಬವಿಲ್ಲ. ಅನಾದಿ ಕಾಲದಿಂದ ಇದ್ದದ್ದು ಅನ್ನುವ ಹಾಗೆ ಅದರ ಠೀವಿ. ನಿಜವಾಗಿ ಅದು ಮೆಕ್ಸಿಕೊ ಕಡೆಯ ಗಿಡ. ಇಂಗ್ಲಿಷಿನಲ್ಲಿ ಆಫ್ರಿಕನ್ ಮಾರಿಗೋಲ್ಡ್ ಅಂತ ಹೆಸರು, ಆಫ್ರಿಕಾಕ್ಕೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ. ಯುರೋಪಿನವರ ಹಡಗುಗಳು ಅಮೆರಿಕ ಖಂಡ ಮುಟ್ಟಿದ ಮೇಲೆಯೇ ಅದು ಈ ಕಡೆಗೆ ಬಂದದ್ದು. ಮೆಣಸಿನಕಾಯಿ, ಟೊಮೊಟೊ ಬಂದ ದಾರಿಯೇ ಅದರದೂ. ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ್ದು 1610ರಲ್ಲಿ, ಅಂದರೆ ಈ ಹೂವಿಗೂ ನಮ್ಮ ಕಡೆಯ ದಸರೆಗೂ ವಯಸ್ಸಿನಲ್ಲಿ ಬಹಳ ಅಂತರವಿಲ್ಲ. ನಮ್ಮನ್ನು ಗುಡಿಯ ಹೊರಗೆ ನಿಲ್ಲಿಸಿದ ಕೈಗಳು ಸಾಗರದಾಚೆಯಿಂದ ಬಂದ ಹೂವನ್ನು ಗರ್ಭಗುಡಿಗೆ ಕರೆದುಕೊಂಡವು. ಹೂವಿನ ಜಾತಿ ಯಾರೂ ಕೇಳಲಿಲ್ಲ.

ಹುಡುಗನ ಪ್ರಶ್ನೆಗೆ ಬರೋಣ. ಅವತ್ತು ಒಂದು ಗಂಟೆ ಚರ್ಚೆ ಆಯಿತು. ಒಳ್ಳೆಯ ಚರ್ಚೆಯೇ. ಬಾರದೆ ಇದ್ದವರಿಗೆ ಅದರ ತಿರುಳು ಇಷ್ಟು.

ಭಿಕ್ಖುಗಳಿಗೆ ನೆಲ ಅಗೆಯಬಾರದು, ಗಿಡ ಕಡಿಯಬಾರದು ಅಂತ ವಿನಯದಲ್ಲಿ ನಿಯಮ ಇದೆ. ಮಳೆಗಾಲದಲ್ಲಿ ಭಿಕ್ಖುಗಳು ಓಡಾಡಿ ಹಸುರು ತುಳಿಯುತ್ತಾರೆ, ಸಣ್ಣ ಜೀವಗಳನ್ನು ಸಾಯಿಸುತ್ತಾರೆ ಅಂತ ಜನ ಆಡಿಕೊಂಡಾಗ ವಸ್ಸಾವಾಸ ಬಂತು. ಹಾಗಾದರೆ ನೇಗಿಲ ತುದಿಯಲ್ಲಿ ಎರೆಹುಳು ಸಾಯುತ್ತದೆ ಅನ್ನುವುದು ಬುದ್ಧರಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಉಪಾಸಕರಿಗೆ ಬೇಸಾಯ ಬಿಡಿ ಅಂತ ಅವರು ಹೇಳಲಿಲ್ಲ. ಉಪಾಸಕ ಮಾಡಬಾರದ ಐದು ವ್ಯಾಪಾರಗಳನ್ನು ಹೆಸರಿಟ್ಟು ಹೇಳಿದರು: ಆಯುಧ, ಜೀವಗಳು, ಮಾಂಸ, ಮಾದಕ ವಸ್ತು, ವಿಷ. ಬೇಸಾಯ ಆ ಪಟ್ಟಿಯಲ್ಲಿಲ್ಲ.

ಅಶೋಕ ಮಹಾರಾಜರೂ ಹಾಗೆಯೇ. ಐದನೆಯ ಸ್ತಂಭ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿ ಪಕ್ಷಿಗಳ ದೊಡ್ಡ ಪಟ್ಟಿಯನ್ನೇ ಕೆತ್ತಿಸಿದ್ದಾರೆ, ಜೀವಿಗಳಿರುವ ಹೊಟ್ಟನ್ನು ಸುಡಬಾರದು ಅಂತ ಸೇರಿಸಿದ್ದಾರೆ. ಕಣದ ಹೊಟ್ಟಿನಲ್ಲಿ ಹುಳು ಇರುತ್ತವೆ ಅಂತ ಯೋಚಿಸಿದ ದೊರೆ. ಆದರೆ ಉಳಬೇಡಿ ಅನ್ನಲಿಲ್ಲ.

ಉಳುವುದೇ ಕೀಳು ಅಂದದ್ದು ಯಾರು ಗೊತ್ತೇ? ಮನುಸ್ಮೃತಿ. ಹತ್ತನೆಯ ಅಧ್ಯಾಯದಲ್ಲಿ, ಕಬ್ಬಿಣದ ಮೂತಿಯ ಮರ ಭೂಮಿಯನ್ನೂ ಭೂಮಿಯಲ್ಲಿರುವ ಜೀವಗಳನ್ನೂ ನೋಯಿಸುತ್ತದೆ, ಆದ್ದರಿಂದ ಬೇಸಾಯ ಸಜ್ಜನರು ಹಳಿದ ಕಸುಬು ಅಂತ ಇದೆ. ಬ್ರಾಹ್ಮಣ, ಕ್ಷತ್ರಿಯರು ಕಷ್ಟ ಕಾಲದಲ್ಲೂ ಅದನ್ನು ಆದಷ್ಟು ಬಿಡಬೇಕಂತೆ. ಕೇಳಲು ಅಹಿಂಸೆಯ ಹಾಗೇ ಇದೆ. ಆದರೆ ಅನ್ನ ಬಿಡಿ ಅಂತ ಅಲ್ಲಿ ಎಲ್ಲೂ ಇಲ್ಲ. ಉಳುವ ಪಾಪ ಬೇರೆಯವರಿಗೆ, ಉಂಡ ಪುಣ್ಯ ತಮಗೆ. ಕೈ ಕೆಸರು ಮಾಡಿಕೊಂಡವನನ್ನು ಕೆಸರು ಅಂತ ಕರೆದು ಅವನ ರಾಗಿಯನ್ನು ಮಾತ್ರ ಮನೆಗೆ ತುಂಬಿಕೊಳ್ಳುವ ಲೆಕ್ಕ. ಬಾಬಾಸಾಹೇಬರ ಮುಂದಾಳತ್ವದಲ್ಲಿ 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬೆಂಕಿಗೆ ಹಾಕಿದ್ದು ಈ ಲೆಕ್ಕದ ಪುಸ್ತಕವನ್ನೇ.

1957ರಲ್ಲಿ ಹೊರಬಂದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಈ ಗಂಟನ್ನು ಬಿಡಿಸುವ ರೀತಿ ಬೇರೆ. ಕೊಲ್ಲಬೇಕೆಂಬ ಆಸೆಯಿಂದ ಕೊಲ್ಲುವುದು ಒಂದು, ಬೇರೆ ದಾರಿಯಿಲ್ಲದ ಅಗತ್ಯಕ್ಕೆ ಕೊಲ್ಲುವುದು ಇನ್ನೊಂದು ಅಂತ ಬುದ್ಧರು ಭೇದ ಮಾಡಿದರು ಅನ್ನುತ್ತಾರೆ. ಅಹಿಂಸೆಯನ್ನು ಬುದ್ಧರು ಕಣ್ಣು ಮುಚ್ಚಿ ಪಾಲಿಸುವ ಕಟ್ಟಳೆಯಾಗಿ ಕೊಡದೆ, ಯೋಚಿಸಿ ನಡೆಯಬೇಕಾದ ತತ್ವವಾಗಿ ಕೊಟ್ಟರು ಅನ್ನುವುದು ಅವರ ವಿವರಣೆ. ಚೇತನವೇ ಕಮ್ಮ, ಅಂದರೆ ಕೆಲಸದ ಹಿಂದಿನ ಇಚ್ಛೆಯೇ ಕರ್ಮ ಅನ್ನುವ ಅಂಗುತ್ತರ ನಿಕಾಯದ ಮಾತಿಗೂ ಇದು ಹೊಂದುತ್ತದೆ.

ಇದನ್ನೆಲ್ಲ ಅವತ್ತು ವಿವರಿಸಿದವನು ನಾನೇ. ಹುಡುಗ ತಲೆ ಆಡಿಸಿದ. ನನಗೂ ಸಮಾಧಾನವಾಯಿತು. ಹೇಳಿದವನಿಗೆ ಲಾಭವಾಗುವ ವಿವರಣೆ ಅದು. ನನ್ನ ಹೊಲದ ಹುಳುಗಳ ಮೇಲೆ ನನಗೆ ದ್ವೇಷವಿಲ್ಲ, ಅಗತ್ಯ ಇದೆ, ಮುಗಿಯಿತು.

ಆಗ ಗೋಡೆಗೆ ಒರಗಿ ಕೂತಿದ್ದ ಚಿಕ್ಕವ್ವ ಬಾಯಿಬಿಟ್ಟಳು. (ರಕ್ತ ಸಂಬಂಧದಲ್ಲಿ ಚಿಕ್ಕವ್ವ ಅಲ್ಲ, ಕೇರಿಯ ಸಂಬಂಧದಲ್ಲಿ. ಹೆಸರು ಹಾಕಬೇಡ ಅಂದಿದ್ದಾಳೆ.)

"ಹುಳಕ್ಕೆ ಒಂದ್ ಗಂಟೆ ಮಾತಾಡುದ್ರಿ ಕಣಪ್ಪ. ವಿಸ ಹೊಡ್ದ ಮಾರ್ನೆ ದಿನ್ವೇ ಹೂವ ಕುಯ್ದವ್ರಿಗೆ ಏನಾಯ್ತು ಅಂತ ಒಬ್ರಾದ್ರೂ ಕೇಳುದ್ರಾ?"

ಎಲ್ಲರೂ ಸುಮ್ಮನಾದರು. ಯಾರ ಹೊಲ ಅಂತ ಅವಳು ಹೇಳಲಿಲ್ಲ. ನನಗೆ ಮಾತ್ರ ಗೊತ್ತಿತ್ತು.

ಹೋದ ವರ್ಷದ ಆಯುಧಪೂಜೆಗೆ ಎರಡು ದಿನ ಇತ್ತು. ಹೂವಿನ ವ್ಯಾಪಾರಿ ಫೋನ್ ಮಾಡಿ ರೇಟು ಏರಿದೆ, ನಾಳೆ ಬೆಳಿಗ್ಗೆ ಎಷ್ಟಿದ್ದರೂ ಕಳಿಸು ಅಂದ. ಚೆಂಡುಹೂ ಬೆಳೆದವರಿಗೆ ಈ ಫೋನಿನ ಬೆಲೆ ಗೊತ್ತು. ಹಬ್ಬದ ಹಿಂದಿನ ದಿನದ ರೇಟು ಹಬ್ಬದ ಮಾರನೆ ದಿನಕ್ಕೆ ಇರುವುದಿಲ್ಲ, ಕೂಲಿಯೂ ಗಿಟ್ಟದೆ ರಸ್ತೆ ಬದಿಗೆ ಸುರಿದು ಬಂದದ್ದೂ ಉಂಟು. ಆದರೆ ಅವತ್ತು ಮೊಗ್ಗಿನೊಳಗೆ ಹುಳು ಕಂಡಿತ್ತು, ಎಲೆ ಅಡಿಯಲ್ಲಿ ನುಸಿ. ಇನ್ನೂ ಅರಳಬೇಕಾದ ಮೊಗ್ಗು ಕೈಬಿಟ್ಟು ಹೋಗಬಾರದು ಅಂತ ಸಾಯಂಕಾಲ ಪಂಪು ಹೊತ್ತು ಇಡೀ ಹೊಲಕ್ಕೆ ಹೊಡೆದೆ. ಡಬ್ಬಿಯ ಮೇಲೆ ಹಳದಿ ತ್ರಿಕೋನ ಇತ್ತು. ಕೆಂಪು, ಹಳದಿ, ನೀಲಿ, ಹಸಿರು ಅಂತ ವಿಷದ ತೀವ್ರತೆ ಇಳಿಯುತ್ತಾ ಹೋಗುತ್ತದೆ, ಹಳದಿ ಅಂದರೆ ಮೇಲಿನಿಂದ ಎರಡನೆಯದು. ಇದು ನನಗೆ ಗೊತ್ತಿಲ್ಲದ್ದಲ್ಲ.

ಮಾರನೆ ದಿನ ಬೆಳಗಿನ ಜಾವ ಐದು ಜನ ಹೆಂಗಸರು ಬಂದರು. ಇಬ್ಬನಿ ಇತ್ತು. ಚೆಂಡುಹೂ ಕುಯ್ಯುವಾಗ ಗಿಡ ಎದೆಗೆ, ಮುಖಕ್ಕೆ ತಾಗುತ್ತದೆ, ಸೆರಗಿನಲ್ಲೇ ಹೂ ತುಂಬಿಕೊಳ್ಳುತ್ತಾರೆ, ಅದೇ ಕೈಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಾರೆ. ಒಂಬತ್ತು ಗಂಟೆ ಹೊತ್ತಿಗೆ ಚಿಕ್ಕವ್ವ ತಲೆ ಸುತ್ತುತ್ತದೆ ಅಂತ ಬದುವಿನ ಮೇಲೆ ಕೂತಳು, ವಾಂತಿ ಮಾಡಿಕೊಂಡಳು. "ಬರೀ ಹೊಟ್ಟೇಲಿ ಬಂದಿದ್ದೀಯ, ಪಿತ್ತ ಆಗಿರಬೇಕು" ಅಂದೆ. ನಿಂಬೆಹಣ್ಣಿನ ಪಾನಕ ಕುಡಿಸಿ ಬೈಕಿನಲ್ಲಿ ಮನೆಗೆ ಬಿಟ್ಟು ಬಂದೆ. ಎರಡು ದಿನ ಮಲಗಿದ್ದಳಂತೆ. ಔಷಧಿಯಿಂದಲೇ ಹಾಗಾಯಿತು ಅಂತ ಯಾವ ಡಾಕ್ಟರೂ ಹೇಳಿಲ್ಲ. ಹೇಳಬೇಕಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿರಬೇಕಲ್ಲ. ಕರೆದುಕೊಂಡು ಹೋದರೆ, ಏನು ಹೊಡೆದಿದ್ದೆ ಅಂತ ನನ್ನನ್ನು ಕೇಳುತ್ತಿದ್ದರು.

ಹೂವಿನ ಚೀಲಗಳು ಮೈಸೂರಿಗೆ ಹೋದವು. ಉಳಿಸಿಕೊಂಡ ಹೂವಿನಲ್ಲಿ ಮಾಲೆ ಕಟ್ಟಿಸಿ ವಿಜಯದಶಮಿಯ ದಿನ ಬುದ್ಧರಿಗೂ ಬಾಬಾಸಾಹೇಬರಿಗೂ ಹಾಕಿದೆ. ನಮಗೆ ಆ ದಿನ ಏನು ಅಂತ ನಿಮಗೆ ಹೇಳಬೇಕಿಲ್ಲ. 1956ರ ಅಕ್ಟೋಬರ್ 14, ಅಶೋಕ ವಿಜಯದಶಮಿ, ನಾಗಪುರ. ಎಲ್ಲ ಜೀವಿಗಳಲ್ಲಿ ಕರುಣೆ ಇಟ್ಟು ಕಾಪಾಡುತ್ತೇನೆ ಅನ್ನುವುದೂ ಸೇರಿ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಅವತ್ತು ಮೈಕಿನಲ್ಲಿ ಹೇಳಿಸಿದವನು ನಾನು. ಅದೇ ಹೊತ್ತಿನಲ್ಲಿ ಚಿಕ್ಕವ್ವ ಮನೆಯಲ್ಲಿ ಮಲಗಿದ್ದಳು.

ಬಂಧುಗಳೇ, ಈಗ ಆ ಚರ್ಚೆಯನ್ನು ಮತ್ತೆ ನೋಡಿ. ಚೇತನವೇ ಕರ್ಮ ಅಂದುಕೊಂಡು ನಾನು ಬಿಡುಗಡೆ ಪಡೆದಿದ್ದೆ. ಚಿಕ್ಕವ್ವನಿಗೆ ಕೆಡುಕು ಮಾಡಬೇಕು ಅನ್ನುವ ಇಚ್ಛೆ ನನಗೆ ಒಂದು ಕಾಳಿನಷ್ಟೂ ಇರಲಿಲ್ಲ. ಹಾಗಾದರೆ ನನ್ನ ಶೀಲ ಗಟ್ಟಿಯಾಗಿದೆಯೇ? ಇಚ್ಛೆ ಇರಲಿಲ್ಲ ಅನ್ನುವುದು ಎಷ್ಟು ಸಲೀಸಾದ ಮಾತು ಅಂದರೆ ಜಗತ್ತಿನ ದೊಡ್ಡ ದೊಡ್ಡ ಕೆಡುಕುಗಳೆಲ್ಲ ಅದರ ಕೆಳಗೆ ಅಡಗಿಕೊಳ್ಳಬಹುದು. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದವರ ಗುರಿ ಗೇರು ಗಿಡದ ಕೀಟವೇ ಹೊರತು ಕೆಳಗಿನ ಮನೆಗಳ ಮಕ್ಕಳಲ್ಲ. ದಕ್ಷಿಣ ಕನ್ನಡದ ಕೊಕ್ಕಡದ ಕಡೆಯ ಮಕ್ಕಳೂ ಅಲ್ಲ. ಆ ಮಕ್ಕಳು, ಆ ತಾಯಂದಿರು ವರ್ಷಗಟ್ಟಲೆ ಅಲೆದ ಮೇಲೆ 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. ಯಾರಿಗೂ ಕೆಟ್ಟ ಚೇತನ ಇರಲಿಲ್ಲ ಅಂತ ಹೇಳಿ ಆ ಮನೆಗಳ ಮುಂದೆ ನಿಲ್ಲಲು ಆಗುತ್ತದೆಯೇ?

ಚೇತನ ಅನ್ನುವುದನ್ನು ನಾನು ಬಹಳ ಕಿರಿದಾಗಿ ಓದಿದ್ದೆ ಅನ್ನಿಸುತ್ತದೆ. ಬೆಳಿಗ್ಗೆ ಹೆಂಗಸರು ಬರುತ್ತಾರೆ ಅಂತ ನನಗೆ ಗೊತ್ತಿತ್ತು. ಅವರಿಗೆ ಹೇಳಿದರೆ ಬರುವುದಿಲ್ಲ ಅನ್ನುವುದೂ ಗೊತ್ತಿತ್ತು. ಹೇಳದೆ ಇರಲು ತೀರ್ಮಾನ ಮಾಡಿದೆ. ಅದು ಚೇತನವಲ್ಲದೆ ಮತ್ತೇನು? ಹುಳುವಿನ ಬಗ್ಗೆ ನನ್ನ ಮನಸ್ಸನ್ನು ಸೋಸಿ ನೋಡಿದವನು, ಹೇಳದೆ ಉಳಿದ ಆ ಒಂದು ಮಾತಿನ ಬಗ್ಗೆ ಸೋಸಲೇ ಇಲ್ಲ. ಅಪ್ಪಮಾದ ಅನ್ನುವ ಪದವನ್ನು ನಾವು ಎಚ್ಚರ ಅಂತ ಅನುವಾದ ಮಾಡಿ ಧ್ಯಾನದ ಕೋಣೆಯಲ್ಲಿ ಇಟ್ಟುಬಿಟ್ಟಿದ್ದೇವೆ. ಬುದ್ಧರು ಕೊನೆಯುಸಿರಿನಲ್ಲಿ ಆಡಿದ ಪದ ಅದು. ಪಂಪು ಹೊತ್ತವನ ಬೆನ್ನ ಮೇಲೆ ಇರಬೇಕಾದದ್ದೂ ಅದೇ.

ಇನ್ನು ಮಾತಿನ ವಿಷಯ. ನಾವು ಅದನ್ನು ಔಷಧಿ ಅನ್ನುತ್ತೇವೆ. ಅಂಗಡಿಯವನೂ ಔಷಧಿ ಅನ್ನುತ್ತಾನೆ. ಚಿಕ್ಕವ್ವ ಮಾತ್ರ ವಿಸ ಅಂದಳು. ಡಬ್ಬಿಯ ಮೇಲೂ ವಿಷ ಅಂತಲೇ ಅಚ್ಚಾಗಿದೆ. "ಪಿತ್ತ ಆಗಿರಬೇಕು" ಅಂದೆನಲ್ಲ, ಅದು ನಾಲ್ಕನೆಯ ಶೀಲ ಮುರಿದ ಹೊತ್ತು. ಹುಡುಗ ಸರಿಯಾಗಿಯೇ ಕೇಳಿದ್ದ, ಸುಳ್ಳಾಗಲ್ವಾ ಅಂತ. ನಾನು ಮೊದಲನೆಯ ಶೀಲಕ್ಕೆ ಮಾತ್ರ ಉತ್ತರ ಕೊಟ್ಟೆ.

ಮಜ್ಝಿಮ ನಿಕಾಯದಲ್ಲಿ ಬುದ್ಧರು ರಾಹುಲನಿಗೆ ಹೇಳಿದ ಒಂದು ಸುತ್ತ ಇದೆ, ಅಂಬಲಟ್ಠಿಕಾ ರಾಹುಲೋವಾದ. ಸುಳ್ಳಿನ ಕುರಿತಾದ ರಾಹುಲೋವಾದವನ್ನು ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕು ಅಂತ ಅಶೋಕರು ಬೈರಾಟಿನ ಶಾಸನದಲ್ಲಿ ಹೆಸರಿಸಿದ್ದು ಇದನ್ನೇ. ಅದರಲ್ಲಿ ಇಚ್ಛೆ ಒಳ್ಳೆಯದಿತ್ತೇ ಅನ್ನುವಲ್ಲಿಗೆ ಪ್ರಶ್ನೆ ನಿಲ್ಲುವುದಿಲ್ಲ. ಈ ಕೆಲಸದಿಂದ ನನಗೆ, ಇತರರಿಗೆ, ಇಬ್ಬರಿಗೂ ನೋವಾಗುತ್ತದೆಯೇ ಅಂತ ಮಾಡುವ ಮೊದಲೂ, ಮಾಡುವಾಗಲೂ, ಮಾಡಿದ ಮೇಲೂ ನೋಡಬೇಕು. ನೋವಾಗಿದ್ದರೆ ತಿಳಿದವರ ಮುಂದೆ ಹೇಳಿಕೊಳ್ಳಬೇಕು, ಮುಂದೆ ತಡೆದುಕೊಳ್ಳಬೇಕು. ಮಗನಿಗೆ ಹೇಳಿಕೊಟ್ಟ ಪಾಠ, ಏಳು ವರ್ಷದ ಮಗುವಿಗೂ ಅರ್ಥವಾಗುವಷ್ಟು ಸರಳ. ನನಗೆ ಅರ್ಥವಾಗಲು ಚಿಕ್ಕವ್ವ ಬೇಕಾಯಿತು.

ಇನ್ನೂ ಒಂದು ಸಂಗತಿ ಗಮನಿಸಿ. ವಸ್ಸಾವಾಸ ಮುಗಿಯುವ ಪವಾರಣೆಯ ಹುಣ್ಣಿಮೆ ವಿಜಯದಶಮಿ ಕಳೆದು ಐದೇ ದಿನಕ್ಕೆ ಬರುತ್ತದೆ. ನನ್ನಲ್ಲಿ ನೀವು ಕಂಡ, ಕೇಳಿದ, ಶಂಕಿಸಿದ ತಪ್ಪಿದ್ದರೆ ಕರುಣೆಯಿಟ್ಟು ಹೇಳಿ ಅಂತ ಹಿರಿಯ ಭಿಕ್ಖುವೇ ಮೊದಲು ಸಂಘದ ಮುಂದೆ ಕೇಳಿಕೊಳ್ಳುವ ದಿನ. ಹೋದ ವರ್ಷ ಅದರ ಬಗ್ಗೆ ಈ ಗುಂಪಿನಲ್ಲಿ ಚಿಂತನೆ ಬರೆದು ಕಳಿಸಿದ್ದೆ. ಚೆನ್ನಾಗಿದೆ ಅಂತ ತುಂಬಾ ಜನ ಕೈಮುಗಿದು ಉತ್ತರ ಕಳಿಸಿದಿರಿ. ಚಿಕ್ಕವ್ವನ ಹತ್ತಿರ ಫೋನ್ ಇಲ್ಲ.

ಪ್ರತಿ ಸಲ ಹೂ ಇಡುವಾಗ ನನಗೆ ಸುನೀತ ಥೇರರ ನೆನಪು ಬರುತ್ತದೆ. ಬಾಬಾಸಾಹೇಬರ ಗ್ರಂಥದಲ್ಲೂ ಅವರಿದ್ದಾರೆ. ಕೀಳೆನಿಸಿದ ಕುಲದಲ್ಲಿ ಹುಟ್ಟಿ, ಬಾಡಿದ ಹೂವನ್ನು ಗುಡಿಸಿ ಎಸೆಯುವುದೇ ಕಸುಬಾಗಿದ್ದವರು. ಬುದ್ಧರು ಬರುವುದು ಕಂಡು ಗೋಡೆಗೆ ಒತ್ತಿ ನಿಂತವರನ್ನು ಬುದ್ಧರೇ ಕರೆದು ಸಂಘಕ್ಕೆ ಸೇರಿಸಿದರು. ಥೇರಗಾಥೆಯಲ್ಲಿ ಅವರ ಮಾತುಗಳಿವೆ. ಹೂವಿನಲ್ಲೂ ಮೇಲಿನ ತುದಿ, ಕೆಳಗಿನ ತುದಿ ಅಂತ ಇದೆ. ಅರ್ಪಿಸುವ ಕೈ ಒಂದು ಕಡೆ, ಕುಯ್ಯುವ ಮತ್ತು ಗುಡಿಸುವ ಕೈ ಇನ್ನೊಂದು ಕಡೆ. ನಾವು ಹುಟ್ಟಿ ಬೆಳೆದದ್ದು ಎರಡನೆಯ ಕಡೆಯಲ್ಲಿ. ಇಪ್ಪತ್ತು ಗುಂಟೆ ನೆಲ ಬಂದ ಕೂಡಲೇ ನಾನು ಮೊದಲನೆಯ ಕಡೆಗೆ ದಾಟಿಬಿಟ್ಟಿದ್ದೆ. ಮನುವಿನ ಲೆಕ್ಕ ನನಗೆ ಬಾಯಿಪಾಠ ಇರಲಿಲ್ಲ, ಆದರೂ ಹೇಗೋ ಕೈಗೆ ಬಂದಿತ್ತು.

ಮಾರನೆ ದಿನ ಚಿಕ್ಕವ್ವನ ಮನೆಗೆ ಹೋಗಿ ಎಲ್ಲ ಹೇಳಿದೆ. ಕಣ್ಣೀರು, ಅಪ್ಪುಗೆ ಏನೂ ಆಗಲಿಲ್ಲ. ಅವಳು ರಾಗಿ ಹಸನು ಮಾಡುತ್ತಿದ್ದಳು, ಮೊರ ಕೆಳಗಿಡಲಿಲ್ಲ. "ಗೊತ್ತಿತ್ತು ಕಣ್ಲಾ, ವಾಸ್ನೆ ಬರ್ತಿತ್ತು" ಅಂದಳು. ಗೊತ್ತಿದ್ದೂ ಯಾಕೆ ಕುಯ್ದೆ ಅಂದೆ. "ಹಬ್ಬದ್ ದುಡ್ಡು ನಿಂಗೊಬ್ಬನ್ಗೇ ಬೇಕಾ?" ಅಂದಳು. ಆಮೇಲೆ ಮಲಗಿದ್ದ ಎರಡು ದಿನದ ಕೂಲಿ ಕೊಡು ಅಂದಳು. ಕೊಟ್ಟೆ. ಉಳಿದ ನಾಲ್ವರಿಗೂ ಹೋಗಿ ಹೇಳು ಅಂದಳು. ಅದು ಕೂಲಿ ಕೊಡುವುದಕ್ಕಿಂತ ಕಷ್ಟವಾಯಿತು.

ಹುಳುವಿನ ಪ್ರಶ್ನೆ ಹಾಗೇ ಉಳಿದಿದೆ, ಅದನ್ನು ಬಿಟ್ಟೆ ಅಂದುಕೊಳ್ಳಬೇಡಿ. ಈ ಸಲ ಅರ್ಧ ಹೊಲಕ್ಕೆ ಟೊಮೊಟೊ ಹಾಕಿ, ಹದಿನಾರು ಸಾಲಿಗೆ ಒಂದು ಸಾಲು ಚೆಂಡುಹೂ ಕೊಡುತ್ತಿದ್ದೇನೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಕ್ರಮ. ಟೊಮೊಟೊ ಸಸಿಗೆ ಇಪ್ಪತ್ತೈದು ದಿನವಾದಾಗ ಚೆಂಡುಹೂ ಸಸಿಗೆ ನಲವತ್ತೈದು ದಿನ ಆಗಿರಬೇಕು, ಎರಡೂ ಒಟ್ಟಿಗೆ ನಾಟಿ. ಆಗ ಎರಡೂ ಒಂದೇ ಹೊತ್ತಿಗೆ ಹೂವಿಗೆ ಬರುತ್ತವೆ, ಕಾಯಿಕೊರಕದ ಪತಂಗ ಟೊಮೊಟೊ ಬಿಟ್ಟು ಚೆಂಡುಹೂವಿನ ಮೊಗ್ಗಿನಲ್ಲಿ ಹೆಚ್ಚು ಮೊಟ್ಟೆ ಇಡುತ್ತದೆ. ಚೆಂಡುಹೂವಿನ ಬೇರು ಟೊಮೊಟೊದ ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳುವನ್ನೂ ತಗ್ಗಿಸುತ್ತದೆ. ಇಡೀ ಹೊಲಕ್ಕೆ ಹೊಡೆಯುವ ಬದಲು ಆ ಒಂದು ಸಾಲನ್ನು ನೋಡಿಕೊಂಡರೆ ಸಾಕು, ಹುಳುವನ್ನು ಕೈಯಲ್ಲೇ ಆರಿಸಬಹುದು.

ಆರಿಸಿ ಏನು ಮಾಡುತ್ತೀರಿ ಅಂತ ಆ ಹುಡುಗ ಕೇಳಿದ. ಸೋಪಿನ ನೀರಿಗೆ ಹಾಕುತ್ತೇನೆ ಅಂದೆ. ಕಡಿಮೆ ಸಾಯುತ್ತವೆ, ಆದರೆ ನಿಮ್ಮ ಕೈಯಿಂದಲೇ ಒಂದೊಂದಾಗಿ ಸಾಯುತ್ತವೆ ಅಂದ. ಹೌದು ಅಂದೆ. ಪಂಪಿನಲ್ಲಿ ಹೊಡೆದಾಗ ಯಾವುದೂ ಕಾಣುತ್ತಿರಲಿಲ್ಲ, ಈಗ ಕಾಣುತ್ತದೆ. ನನಗೆ ಇದೇ ಹೆಚ್ಚು ಸರಿ ಅನ್ನಿಸುತ್ತದೆ, ಅವನಿಗೆ ಇನ್ನೂ ಒಪ್ಪಿಗೆಯಾಗಿಲ್ಲ. ಆ ಒಂದು ಸಾಲಿನ ಚೆಂಡುಹೂ ಬೇರೆ ಹದಿನಾರು ಸಾಲಿನ ಹುಳು ತಿಂದುಕೊಂಡು ನಿಲ್ಲುತ್ತದಲ್ಲ, ಅದನ್ನು ನೋಡುವಾಗ ನಮ್ಮ ಕೇರಿಯ ನೆನಪು ಬಂದು ಒಂಥರಾ ಆಗುತ್ತದೆ. ಗಿಡಕ್ಕೆ ಮನುಷ್ಯನ ನೋವಿಲ್ಲ ಅಂತ ಗೊತ್ತು. ಆದರೂ ಆಗುತ್ತದೆ.

ಉಳಿದ ಅರ್ಧ ಹೊಲ ಎಂದಿನ ಹಾಗೆ ದಸರೆಯ ಹೂವಿಗೆ. ಹೊಡೆಯಲೇಬೇಕಾಗಿ ಬಂದರೆ ಬದುವಿನ ಕೋಲಿಗೆ ಕೆಂಪು ಬಟ್ಟೆ ಕಟ್ಟುವುದು, ಡಬ್ಬಿಯ ಚೀಟಿಯಲ್ಲಿ ಬರೆದಷ್ಟು ದಿನ ಯಾರೂ ಒಳಗೆ ಇಳಿಯದಿರುವುದು, ಆ ಹೂ ಹಬ್ಬಕ್ಕೆ ತಪ್ಪಿದರೆ ತಪ್ಪಲಿ ಅಂತ ಐದು ಜನರ ಮುಂದೆ ಮಾತಾಗಿದೆ. ಬಟ್ಟೆ ಬಿಚ್ಚುವುದು ನಾನಲ್ಲ, ಚಿಕ್ಕವ್ವ. ಅದು ಅವಳೇ ಹಾಕಿದ ಷರತ್ತು.

ಮುಂದಿನ ಭಾನುವಾರ ಸಂಜೆ 6 ಗಂಟೆಗೆ ರಾಹುಲೋವಾದ ಸುತ್ತ ಪೂರ್ತಿ ಓದೋಣ. ಹೊಲದಲ್ಲಿ ಕೂಲಿಗೆ ಹೋಗುವ ತಾಯಂದಿರು, ಅಕ್ಕಂದಿರು ಈ ಗುಂಪಿನಲ್ಲಿಲ್ಲ, ದಯವಿಟ್ಟು ಮನೆಗೆ ಹೋಗಿ ಹೇಳಿ ಕರೆದುಕೊಂಡು ಬನ್ನಿ. ಈ ಸಲ ಮೊದಲು ಅವರ ಮಾತು, ಆಮೇಲೆ ಓದು.

ಸಾಧು, ಸಾಧು, ಸಾಧು. ಜೈ ಭೀಮ್.